ಅಂಬ್ರೆಲಾ ಪಾಲಿಸಿ ಇದ್ದರೆ ಸಾಲದು, ‘ಟೆರರಿಸಂ’ ಷರತ್ತು ಓದಿ

ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ 1993ರ ಫೆಬ್ರುವರಿ 26ರಂದು ಸ್ಫೋಟಕ ತುಂಬಿದ ವ್ಯಾನ್ ಸಿಡಿಯಿತು. ಆರು ಜನ ಸತ್ತರು, ಸಾವಿರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ನೊಂದವರು ಪರಿಹಾರ ಕೇಳಿ ದಾವೆ ಹೂಡಿದ್ದು ಕಟ್ಟಡದ ಒಡೆತನ ಹೊಂದಿದ್ದ ಪೋರ್ಟ್ ಅಥಾರಿಟಿಯ ಮೇಲೆ. ಸಾರ್ವಜನಿಕರಿಗೆ ಅಲ್ಲಿ ಪಾರ್ಕಿಂಗ್ ಕೊಡಬೇಡಿ ಎಂದು 1985ರಲ್ಲೇ ಭದ್ರತಾ ವರದಿಯೊಂದು ಎಚ್ಚರಿಸಿತ್ತು, ಅದು ಜಾರಿಯಾಗಿರಲಿಲ್ಲ. 2005ರಲ್ಲಿ ಜ್ಯೂರಿ ತಪ್ಪನ್ನು ಹಂಚಿತು: ಶೇ 68ರಷ್ಟು ಕಟ್ಟಡದ ಒಡೆಯರದು, ಬಾಂಬ್ ಇಟ್ಟವರದು ಶೇ 32. 2011ರಲ್ಲಿ ಮೇಲಿನ ನ್ಯಾಯಾಲಯ ಈ ತೀರ್ಪನ್ನು ತಳ್ಳಿಹಾಕಿತಾದರೂ ಅದಕ್ಕೆ ಕೊಟ್ಟ ಕಾರಣ, ಪೋರ್ಟ್ ಅಥಾರಿಟಿ ಸರ್ಕಾರಿ ಸಂಸ್ಥೆಯಾಗಿದ್ದರಿಂದ ಅದಕ್ಕಿದ್ದ ಕಾನೂನು ರಕ್ಷಣೆ. ಖಾಸಗಿ ಮಾಲ್, ಹೋಟೆಲ್, ಟೆಕ್ ಪಾರ್ಕುಗಳಿಗೆ ಅಂಥ ರಕ್ಷಣೆ ಇಲ್ಲ.

ಇದು ಅಮೆರಿಕಕ್ಕಷ್ಟೇ ಸೀಮಿತವಾದ ಮಾತೂ ಅಲ್ಲ. 2008ರ ಮುಂಬೈ ದಾಳಿಯ ವೇಳೆ ತಾಜ್ ಹೋಟೆಲಿನ ಕಿಟಕಿಯಿಂದ ಇಳಿದು ಪಾರಾಗಲು ಹೋಗಿ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡ ಬ್ರಿಟಿಷ್ ಅತಿಥಿಯೊಬ್ಬರು ಹೋಟೆಲ್ ಕಂಪನಿಯ ವಿರುದ್ಧ ಲಂಡನ್ನಿನಲ್ಲಿ ಪರಿಹಾರ ಕೇಳಿದರು. ಆ ದಾವೆಯನ್ನು ಅಲ್ಲಿಯೇ ನಡೆಸಬಹುದು ಎಂದು 2013ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. 2024ರ ಮಾರ್ಚ್ 1ರಂದು ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದು ಜನ ಗಾಯಗೊಂಡ ಮೇಲಂತೂ, ಊಟಕ್ಕೆ ಬಂದವರಿಗೆ ಪೆಟ್ಟಾದರೆ ನಮ್ಮ ವಿಮೆ ಏನು ಕೊಡುತ್ತದೆ ಎಂಬ ಪ್ರಶ್ನೆಯನ್ನು ಜನ ಸೇರುವ ಜಾಗ ನಡೆಸುವ ಪ್ರತಿಯೊಬ್ಬ ಮಾಲೀಕರೂ ಕೇಳಿಕೊಳ್ಳಬೇಕು.

ಮೊದಲ ಕೆಲಸ, ಕಂಪನಿಯ ಪಾಲಿಸಿಗಳನ್ನೆಲ್ಲ ಒಂದೇ ಮೇಜಿನ ಮೇಲೆ ಹರಡಿ ಎರಡು ಗುಂಪು ಮಾಡುವುದು. ಸ್ವಂತ ಆಸ್ತಿ ಕಾಯುವ ಬೆಂಕಿ ವಿಮೆಯಂಥವು ಒಂದು ಕಡೆ; ಬೇರೆಯವರಿಗಾದ ಹಾನಿಯ ಹೊಣೆ ಹೊರುವ ಲಯಬಿಲಿಟಿ ಪಾಲಿಸಿಗಳು ಇನ್ನೊಂದು ಕಡೆ. ಅಂಬ್ರೆಲಾ ಪಾಲಿಸಿ ಎರಡನೇ ಗುಂಪಿನದು. ಮೂಲ ಲಯಬಿಲಿಟಿ ಪಾಲಿಸಿಯ ಮಿತಿ 5 ಕೋಟಿ ರೂಪಾಯಿ ಇದ್ದು, ಕೋರ್ಟ್ 12 ಕೋಟಿ ಪರಿಹಾರ ವಿಧಿಸಿತು ಎನ್ನಿ. ಉಳಿದ 7 ಕೋಟಿಯನ್ನು ಅಂಬ್ರೆಲಾ ತುಂಬಿಕೊಡಬೇಕು.

ಅತಿ ದೊಡ್ಡ ಗೊಂದಲ ಇರುವುದು ಇಲ್ಲಿಯೇ. ‘ಟೆರರಿಸಂ ಪ್ರೀಮಿಯಂ ಕಟ್ಟಿದ್ದೇವಲ್ಲ’ ಎಂದು ಅನೇಕ ಉದ್ಯಮಿಗಳು ನೆಮ್ಮದಿಯಿಂದಿರುತ್ತಾರೆ. ಸಾಮಾನ್ಯವಾಗಿ ಅವರು ಕಟ್ಟಿರುವುದು ಬೆಂಕಿ ವಿಮೆಯ ಜೊತೆಗೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಜಗತ್ತಿನ ಮರುವಿಮಾ ಕಂಪನಿಗಳು ಈ ಅಪಾಯದಿಂದ ಹಿಂದೆ ಸರಿದಾಗ, ಭಾರತದ ವಿಮಾ ಕಂಪನಿಗಳು 2002ರಲ್ಲಿ ಕೂಡಿ ಒಂದು ‘ಟೆರರಿಸಂ ಪೂಲ್’ ಕಟ್ಟಿಕೊಂಡವು. ಅದನ್ನು ನೋಡಿಕೊಳ್ಳುವುದು ಸರ್ಕಾರಿ ಮರುವಿಮಾ ಕಂಪನಿಯಾದ ಜಿಐಸಿ ರೀ. ಈ ಪೂಲ್ ಭರಿಸುವುದು ಕಟ್ಟಡ, ಯಂತ್ರ, ದಾಸ್ತಾನಿನ ನಷ್ಟವನ್ನು ಮತ್ತು ವಿಮೆ ಮಾಡಿಸಿದ್ದರೆ ಅದರಿಂದ ವ್ಯವಹಾರ ನಿಂತ ನಷ್ಟವನ್ನು. ಗಾಯಗೊಂಡ ಗ್ರಾಹಕ ಹೂಡುವ ದಾವೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಒಡೆದ ಗಾಜಿಗೆ ಹಣ ಬರುತ್ತದೆ, ಆ ಗಾಜು ಚುಚ್ಚಿದವರ ಪರಿಹಾರಕ್ಕೆ ಬರದೇ ಹೋಗಬಹುದು.

ಎರಡನೆಯದಾಗಿ ಅಂಬ್ರೆಲಾ ಪಾಲಿಸಿಯನ್ನು ಕೊನೆಯಿಂದ ಓದಬೇಕು. ಟೆರರಿಸಂ ಹೊರಗಿಡುವ ಷರತ್ತು ಹೆಚ್ಚಾಗಿ ಕೊನೆಗೆ ಲಗತ್ತಿಸಿದ ಎಂಡಾರ್ಸ್‌ಮೆಂಟುಗಳಲ್ಲಿ ಇರುತ್ತದೆ. ಅಂಬ್ರೆಲಾ ‘ಫಾಲೋ ಫಾರ್ಮ್’ ಆಗಿದ್ದರೆ ಕೆಳಗಿನ ಪಾಲಿಸಿಯ ಷರತ್ತುಗಳನ್ನೇ ಅನುಸರಿಸುತ್ತದೆ ಎನ್ನುತ್ತಾರೆ. ಆದರೂ ಒಂದು ಎಂಡಾರ್ಸ್‌ಮೆಂಟ್ ಸೇರಿಸಿ ಭಯೋತ್ಪಾದನೆಯನ್ನು ಮಾತ್ರ ಕೈಬಿಟ್ಟಿರಬಹುದು. ಆಗ ಕೆಳಗಿನ 5 ಕೋಟಿ ಸಿಕ್ಕರೂ ಮೇಲಿನ 7 ಕೋಟಿ ಮಾಲೀಕರ ಜೇಬಿನಿಂದಲೇ ಹೋಗಬೇಕಾಗುತ್ತದೆ. ಎರಡೂ ಪಾಲಿಸಿಗಳ ಆ ಷರತ್ತುಗಳನ್ನು ಅಕ್ಕಪಕ್ಕ ಇಟ್ಟು ಪದಕ್ಕೆ ಪದ ಹೋಲಿಸಬೇಕು. ಬ್ರೋಕರ್ ಬಾಯಲ್ಲಿ ಹೇಳಿದ್ದು ಸಾಲದು.

ಹಾಗೆ ಹೋಲಿಸುವಾಗ ಭಯೋತ್ಪಾದನೆ ಎಂದರೆ ಏನೆಂದು ಪಾಲಿಸಿ ಬರೆದಿದೆ ಎಂಬಲ್ಲಿ ಕಣ್ಣು ನಿಲ್ಲಬೇಕು. ರಾಜಕೀಯ, ಧಾರ್ಮಿಕ ಅಥವಾ ಸೈದ್ಧಾಂತಿಕ ಉದ್ದೇಶ ಇರಬೇಕು ಎನ್ನುವ ವ್ಯಾಖ್ಯೆಗಳೇ ಹೆಚ್ಚು. 2017ರ ಅಕ್ಟೋಬರ್ 1ರಂದು ಲಾಸ್ ವೇಗಸ್‌ನ ಹೋಟೆಲ್ ಕೋಣೆಯೊಂದರಿಂದ ಒಬ್ಬಾತ ಸಂಗೀತ ಕಛೇರಿಯ ಜನರ ಮೇಲೆ ಗುಂಡಿನ ಮಳೆಗರೆದ. ಅವನ ಕೃತ್ಯಕ್ಕೆ ಸ್ಪಷ್ಟವಾದ ಒಂದೇ ಉದ್ದೇಶ ಎಫ್‌ಬಿಐಗೂ ಸಿಗಲಿಲ್ಲ. ಹೋಟೆಲ್ ನಡೆಸುತ್ತಿದ್ದ ಎಂಜಿಎಂ ರೆಸಾರ್ಟ್ಸ್ 2020ರಲ್ಲಿ 80 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು, ಅದರಲ್ಲಿ 75.1 ಕೋಟಿ ಡಾಲರ್ ಬಂದದ್ದು ಲಯಬಿಲಿಟಿ ವಿಮೆಯಿಂದ. ‘ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ’ ಭಯೋತ್ಪಾದನೆಗೆ ಸಂಬಂಧಿಸಿದ ಯಾವ ನಷ್ಟವೂ ಬೇಡ ಎಂಬ ಸಾಲು ಇದ್ದರೆ ಅದನ್ನು ಸಡಿಲಿಸಲು ಕೇಳಬೇಕು. ಘಟನೆ ಭಯೋತ್ಪಾದನೆ ಅಲ್ಲವೆಂದು ಸಾಬೀತುಪಡಿಸುವ ಭಾರವನ್ನು ವಿಮೆ ಮಾಡಿಸಿದವರ ಮೇಲೆ ಹೊರಿಸುವ ಸಾಲಿದ್ದರಂತೂ ಬಿಡಬಾರದು.

ಅಮೆರಿಕದಲ್ಲಿ ಶಾಖೆ ಇಟ್ಟಿರುವ ಬೆಂಗಳೂರಿನ ಕಂಪನಿಗಳಿಗೆ ಇನ್ನೊಂದು ಹೆಜ್ಜೆ ಇದೆ. 2002ರಲ್ಲಿ ಬಂದ ಅಲ್ಲಿನ ‘ಟ್ರಿಯಾ’ ಕಾಯ್ದೆಯ ಪ್ರಕಾರ ಅಂಬ್ರೆಲಾ ಸೇರಿದಂತೆ ವಾಣಿಜ್ಯ ಲಯಬಿಲಿಟಿ ವಿಮೆ ಮಾರುವವರು ಭಯೋತ್ಪಾದನೆಯ ರಕ್ಷಣೆಯನ್ನು ಕೊಡಲು ಮುಂದಾಗಲೇಬೇಕು. ಬೇಡವೆನ್ನುವ ಹಕ್ಕು ಗ್ರಾಹಕರದು. ಪ್ರೀಮಿಯಂ ಉಳಿಸಲು ಯಾರೋ ‘ಬೇಡ’ ಎಂದು ಸಹಿ ಹಾಕಿದ ಕಾಗದ ಕಡತದಲ್ಲಿದೆಯೇ ಎಂದು ಹುಡುಕಬೇಕು. ಈ ರಕ್ಷಣೆ ಅಲ್ಲಿನ ಖಜಾನೆ ಕಾರ್ಯದರ್ಶಿ ಭಯೋತ್ಪಾದನೆ ಎಂದು ಪ್ರಮಾಣೀಕರಿಸಿದ ಕೃತ್ಯಗಳಿಗೆ ಮಾತ್ರ. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟಕ್ಕೂ ಆ ಪ್ರಮಾಣಪತ್ರ ಸಿಗಲಿಲ್ಲ. ಹಾಗಾಗಿ ಪ್ರಮಾಣೀಕರಿಸದ ಕೃತ್ಯಗಳ ಬಗ್ಗೆ ಪಾಲಿಸಿ ಏನು ಹೇಳುತ್ತದೆ ಎಂದು ಬೇರೆಯಾಗಿ ಕೇಳಬೇಕು. ಐಟಿ ಕಂಪನಿಗಳು ಕೊಳ್ಳುವ ವೃತ್ತಿಪರ ಹೊಣೆಯ ವಿಮೆ 2005ರಿಂದಲೇ ಟ್ರಿಯಾದ ಹೊರಗಿದೆ. ಸದ್ಯದ ಕಾಯ್ದೆಯ ಅವಧಿ 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಕಾಯ್ದೆ ಮುಗಿದ ದಿನವೇ ರಕ್ಷಣೆಯೂ ಮುಗಿಯುವಂಥ ಷರತ್ತು ಕೆಲವು ಪಾಲಿಸಿಗಳಲ್ಲಿರುತ್ತದೆ.

ಆಮೇಲೆ ಬಾಡಿಗೆ ಕರಾರು, ಗ್ರಾಹಕ ಕಂಪನಿಗಳ ಜೊತೆಗಿನ ಒಪ್ಪಂದಗಳು. ಇಂತಿಷ್ಟು ಮೊತ್ತದ ಅಂಬ್ರೆಲಾ ಇರಲೇಬೇಕು, ಭಯೋತ್ಪಾದನೆಯೂ ಸೇರಿರಬೇಕು ಎಂದು ಅಲ್ಲಿ ಬರೆದಿದ್ದರೆ, ರಕ್ಷಣೆ ಇಲ್ಲದಿರುವುದೇ ಕರಾರು ಮುರಿದಂತೆ.

ಕೊರತೆ ಕಂಡರೆ ನವೀಕರಣಕ್ಕೆ ಎರಡು ಮೂರು ತಿಂಗಳು ಮೊದಲೇ ಬ್ರೋಕರನ್ನು ಕೂರಿಸಿಕೊಳ್ಳುವುದು ಒಳ್ಳೆಯದು. ದಾರಿ ಮೂರಿವೆ: ಹೆಚ್ಚಿನ ಪ್ರೀಮಿಯಂ ಕೊಟ್ಟು ಷರತ್ತನ್ನು ತೆಗೆಸುವುದು, ಭಯೋತ್ಪಾದನೆಗೆಂದೇ ಒಳಮಿತಿ ಹಾಕಿಸುವುದು, ಇಲ್ಲವೇ ‘ಟೆರರಿಸಂ ಲಯಬಿಲಿಟಿ’ ಎಂಬ ಪ್ರತ್ಯೇಕ ಪಾಲಿಸಿ ಕೊಳ್ಳುವುದು. ಮೂರಕ್ಕೂ ಲಿಖಿತ ದರ ತರಿಸಿ ನೋಡಬೇಕು. ನೂರಾರು ಜನ ಬಂದುಹೋಗುವ ಜಾಗಕ್ಕೆ ಮೂರನೆಯದು ದುಬಾರಿಯಾದರೂ ಲೇಸು, ಏಕೆಂದರೆ ಅದರ ಭಾಷೆ ಈ ಅಪಾಯಕ್ಕೆಂದೇ ಬರೆದದ್ದು.

ಘಟನೆ ನಡೆದೇಹೋದರೆ ಮೂಲ ಪಾಲಿಸಿಯವರಿಗೂ ಅಂಬ್ರೆಲಾದವರಿಗೂ ಒಟ್ಟಿಗೇ ಬರವಣಿಗೆಯಲ್ಲಿ ತಿಳಿಸಬೇಕು. ಸಿಸಿಟಿವಿ ದೃಶ್ಯ, ಭದ್ರತಾ ಸಿಬ್ಬಂದಿಯ ಹಾಜರಿ, ಎಫ್‌ಐಆರ್ ಪ್ರತಿ ಜೋಪಾನವಾಗಿರಲಿ. ಗಾಯಾಳುಗಳ ನೆರವಿಗೆ ನಿಲ್ಲಬೇಕು, ಆದರೆ ವಿಮಾ ಕಂಪನಿಯ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಂಡು ಪತ್ರ ಬರೆಯಬಾರದು.

ಕ್ಲೇಮು ತಿರಸ್ಕೃತವಾದರೆ ಯಾವ ಷರತ್ತಿನಡಿ ಎಂದು ಲಿಖಿತವಾಗಿ ಕೇಳಬೇಕು. ಜಾರ್ಖಂಡಿನ ನರಸಿಂಗ್ ಇಸ್ಪಾತ್ ಕಾರ್ಖಾನೆಗೆ 2010ರಲ್ಲಿ ಗುಂಪೊಂದು ನುಗ್ಗಿ ಹಾನಿ ಮಾಡಿದಾಗ, ಓರಿಯಂಟಲ್ ಇನ್ಶೂರೆನ್ಸ್ ಅದನ್ನು ಭಯೋತ್ಪಾದನೆ ಎಂದು ಕರೆದು ಬೆಂಕಿ ವಿಮೆಯ ಕ್ಲೇಮು ನಿರಾಕರಿಸಿತ್ತು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕಾರ್ಖಾನೆಯ ಪರ ನಿಂತಿತು: ಅಪರಾಧ ಕಾನೂನುಗಳ ವ್ಯಾಖ್ಯೆ ಎಳೆದು ತರುವಂತಿಲ್ಲ, ಪಾಲಿಸಿಯಲ್ಲಿ ಬರೆದದ್ದೇ ಪ್ರಮಾಣ, ಹೊರಗಿಡುವ ಷರತ್ತು ಅನ್ವಯಿಸುತ್ತದೆ ಎಂದು ತೋರಿಸಬೇಕಾದದ್ದು ವಿಮಾ ಕಂಪನಿ. ಉದ್ಯಮದ ವಿಮೆ ಎಂಬ ಒಂದೇ ಕಾರಣಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂದು ಹರ್ಸೋಲಿಯಾ ಮೋಟರ್ಸ್ ಪ್ರಕರಣದಲ್ಲಿ 2023ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ತಿರಸ್ಕಾರದ ಪತ್ರ ಕೈಸೇರಿದ ದಿನದಿಂದ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು.