ಗಣಕ ಜಾಲದಲ್ಲಿ ಘಟನಾವಾರ್ತೆಯ ಹಂಚಿಕೆ

ಮಠದಲ್ಲಿ ದಾಸೋಹದ ಗಂಟೆ ಮೊಳಗಿದೊಡನೆ ವಿದ್ಯಾರ್ಥಿಗಳು ಪಂಕ್ತಿಗೆ ಬರುತ್ತಾರೆ, ಬಡಿಸುವವರು ಪಾತ್ರೆಗಳನ್ನೆತ್ತಿಕೊಳ್ಳುತ್ತಾರೆ, ಪಾಠ ಹೇಳುವವರು ಪುಸ್ತಕ ಮುಚ್ಚುತ್ತಾರೆ. ಗಂಟೆ ಬಾರಿಸಿದವನು ಇವರಲ್ಲಿ ಯಾರನ್ನೂ ಹೆಸರು ಹಿಡಿದು ಕರೆದಿಲ್ಲ. ಕೇಳಿದವರು ತಂತಮ್ಮ ಕಾಯಕಕ್ಕೆ ತೊಡಗಿದ್ದಾರೆ, ಅಷ್ಟೆ. ಜಾಲ ತಂತ್ರಾಂಶಗಳ ರಚನೆಯಲ್ಲಿಯೂ ಇದೇ ಕ್ರಮವುಂಟು.

ಜಾಲ ತಂತ್ರಾಂಶವು ಹಲವು ಭಾಗಗಳ ಕೂಟ. ತೆರೆಯ ಮೇಲೆ ಕಾಣುವ ಪಟ್ಟಿ, ಗುಂಡಿ, ನಮೂನೆಗಳು ಅದರ ಘಟಕಗಳು. ಮಾಹಿತಿಯನ್ನು ತರುವ, ಕಾಯ್ದಿಡುವ ಹಿನ್ನೆಲೆಯ ಭಾಗಗಳು ಸೇವೆಗಳು. ಒಂದು ಘಟಕದಲ್ಲಿ ನಡೆದ ಘಟನೆಯನ್ನು ಇನ್ನೊಂದು ಅರಿಯಬೇಕಾಗುತ್ತದೆ. ಎರಡೂ ಹತ್ತಿರದವಾದರೆ ನೇರವಾಗಿ ತಿಳಿಸಬಹುದು. ದೂರದವಾದರೆ ನಡುವೆ ಒಂದು ಸಾಮಾನ್ಯ ಸೇವೆಯನ್ನು ಇರಿಸುವುದು ಲೇಸು. ವಾರ್ತೆ ಬೇಕಾದವರು ಅದರಲ್ಲಿ ಮೊದಲೇ ನೋಂದಾಯಿಸಿಕೊಳ್ಳುತ್ತಾರೆ. ಘಟನೆಯಾದಾಗ ಅದು ಎಲ್ಲರಿಗೂ ಸಾರುತ್ತದೆ. ಹೀಗಾಗಿ ಹೊಸ ಕೇಳುಗನೊಬ್ಬ ಸೇರಿದರೂ ಹೇಳುವವನನ್ನು ತಿದ್ದಬೇಕಾಗಿಲ್ಲ.

ಇದರ ಮಹತ್ವವನ್ನು ನಮ್ಮ ನಾಡಿನ ಭೂದಾಖಲೆಗಳಲ್ಲಿ ಕಾಣಬಹುದು. 2000ದ ಸುಮಾರಿಗೆ ಕಾರ್ಯರೂಪಕ್ಕೆ ಬಂದ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಕ್ರಯಪತ್ರಗಳ ನೋಂದಣಿಗೆ 'ಕಾವೇರಿ' ಎಂಬ ಬೇರೆ ತಂತ್ರಾಂಶವಿದ್ದು, ಅದರ ಜಾಲಾಧಾರಿತ ಹೊಸ ರೂಪ 2023ರಲ್ಲಿ ಬಂದಿತು. ದುಬಲಗುಂಡಿಯ ರೈತನೊಬ್ಬ ಹುಮನಾಬಾದಿನಲ್ಲಿ ಹೊಲದ ಕ್ರಯಪತ್ರವನ್ನು ನೋಂದಾಯಿಸಿದನೆನ್ನಿ. ಆ ವಾರ್ತೆ 'ಜೆ ಸ್ಲಿಪ್' ಆಗಿ ಕಾವೇರಿಯಿಂದ ಭೂಮಿಗೆ ಮುಟ್ಟಿದ ಮೇಲೆಯೇ ಖಾತೆ ಬದಲಾವಣೆಯ ಕಾರ್ಯ ಮೊದಲಾಗುತ್ತದೆ. ವಾರ್ತೆ ಮುಟ್ಟದಿದ್ದರೆ ಪಹಣಿಯಲ್ಲಿ ಮಾರಿದವನ ಹೆಸರೇ ಉಳಿಯುತ್ತದೆ. ಕೊಂಡವನಿಗೆ ಬೆಳೆಸಾಲ ದೊರೆಯುವುದು ಕಷ್ಟ. ಅದೇ ಹೊಲವನ್ನು ಮತ್ತೊಬ್ಬನಿಗೆ ಮಾರುವ ಮೋಸಕ್ಕೂ ಎಡೆಯಾಗುತ್ತದೆ.

ಆದುದರಿಂದ ತಂತ್ರಾಂಶ ರಚಿಸುವವರು ಮೂರು ಎಚ್ಚರಗಳನ್ನು ಪಾಲಿಸಬೇಕು. ಮೊದಲನೆಯದು, ಕೇಳುಗನು ಇಲ್ಲದ ವೇಳೆ ಸಾರಿದ ವಾರ್ತೆ ಗಾಳಿಗೆ ಹೋಗಬಾರದು. ಅವನು ಬಂದು ಸ್ವೀಕರಿಸುವವರೆಗೆ ಅದನ್ನು ಸಾಲಿನಲ್ಲಿ ಕಾಯ್ದಿಡಬೇಕು. ಎರಡನೆಯದು, ಒಂದೇ ವಾರ್ತೆ ಎರಡು ಸಲ ಬಂದರೂ ಕಾರ್ಯ ಒಂದೇ ಸಲ ನಡೆಯಬೇಕು. ಅದಕ್ಕಾಗಿ ಪ್ರತಿ ವಾರ್ತೆಗೂ ಪ್ರತ್ಯೇಕ ಸಂಖ್ಯೆಯಿರಬೇಕು. ಮೂರನೆಯದು, ತೆರೆಯಿಂದ ಮರೆಯಾದ ಘಟಕವು ತನ್ನ ನೋಂದಣಿಯನ್ನು ರದ್ದುಮಾಡಿಕೊಳ್ಳಬೇಕು. ಇಲ್ಲವಾದರೆ ಅದು ನೆನಪಿನ ಕೋಶದಲ್ಲಿ ಉಳಿದು ವ್ಯರ್ಥ ಭಾರವಾಗುತ್ತದೆ.

ಸಾಮಾನ್ಯ ಸೇವೆಯನ್ನು ಅತಿಯಾಗಿ ಬಳಸುವುದೂ ತರವಲ್ಲ. ಪ್ರತಿ ಸಣ್ಣ ಮಾತಿಗೂ ಗಂಟೆ ಬಾರಿಸಿದರೆ, ಯಾವ ನಾದಕ್ಕೆ ಯಾರು ಎದ್ದರೆಂಬುದೇ ತಿಳಿಯದು. ದೋಷ ಹುಡುಕುವುದೂ ದುಸ್ತರ. ಪಕ್ಕದವನಿಗೆ ಬಾಯಿಮಾತು ಸಾಕು. ಸಮುದಾಯಕ್ಕೆ ಸೇರಿದ ವಾರ್ತೆಗೆ ಮಾತ್ರ ಗಂಟೆ.

ಕಾಯಕವನ್ನು ಹಂಚಿಕೊಂಡವರು ವಾರ್ತೆಯನ್ನೂ ಹಂಚಿಕೊಳ್ಳಬೇಕು. ಗಣಕಶಾಸ್ತ್ರವನ್ನು ಅಭ್ಯಸಿಸುವ ವಿದ್ಯಾರ್ಥಿಗಳು, ತಾವು ಬರೆಯುವ ಒಂದೊಂದು ಸಾಲಿನ ಆಚೆ ಪಹಣಿಗಾಗಿ ಕಾಯುವ ರೈತನೊಬ್ಬನಿರುವನೆಂಬುದನ್ನು ಮರೆಯದಿರಲಿ.