ಒಂದೇ ಅಳತೆಯ ಕ್ಷೌರ: ವೃತ್ತಿ ಪರಿಶೀಲನೆಗೆ ಮುನ್ನ ಸದಸ್ಯರು ತಿಳಿದಿರಬೇಕಾದ ಪಾಠ

ಪಾಠದ ಉದ್ದೇಶ

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು 18 ಸಾಂಪ್ರದಾಯಿಕ ಕಸುಬುಗಳನ್ನು ಗುರುತಿಸಿದ್ದು, ಅವುಗಳಲ್ಲಿ ಕ್ಷೌರವೂ ಒಂದಾಗಿದೆ. ಗ್ರಾಮೀಣ ಅರ್ಜಿದಾರರ ಮೊದಲ ಹಂತದ ಪರಿಶೀಲನೆಯು ಗ್ರಾಮ ಪಂಚಾಯತ್ ಮಟ್ಟದಲ್ಲಿಯೇ ನಡೆಯುತ್ತದೆ. ಅರ್ಹರಾದವರಿಗೆ ತರಬೇತಿ, ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, 15,000 ರೂಪಾಯಿವರೆಗಿನ ಉಪಕರಣ ನೆರವು ಹಾಗೂ ಶೇ. 5ರ ಬಡ್ಡಿಯಲ್ಲಿ ಮೊದಲ ಕಂತಾಗಿ 1 ಲಕ್ಷ ರೂಪಾಯಿವರೆಗೆ ಸಾಲ ದೊರೆಯುತ್ತದೆ. ಕತ್ತರಿ ಹಿಡಿಯದವರ ಅರ್ಜಿಯು ಮುಂದೆ ಹೋಗಿ, ಮೂವತ್ತು ವರ್ಷಗಳಿಂದ ಒಂದೇ ಕುರ್ಚಿಯ ಅಂಗಡಿ ನಡೆಸಿಕೊಂಡು ಬಂದವರ ಅರ್ಜಿಯು ಹಿಂದೆ ಉಳಿದರೆ ಅದು ಪರಿಶೀಲನೆಯ ಲೋಪವೇ ಆಗುತ್ತದೆ. ಆದುದರಿಂದ ಈ ಕಸುಬಿನ ಮೂಲ ಕೌಶಲವಾದ ‘ಒಂದೇ ಅಳತೆಯ ಕತ್ತರಿಕೆ’ಯನ್ನು ಇಲ್ಲಿ ವಿವರಿಸಲಾಗಿದೆ.

1. ಒಂದೇ ಅಳತೆ ಎಂದರೇನು?

ಈ ಮಾತಿಗೆ ಎರಡು ಅರ್ಥಗಳಿವೆ. ಮೊದಲನೆಯದು ಅಂಚು ಸಮವಾಗಿರುವುದು. ಇಲ್ಲಿ ಎಲ್ಲ ಕೂದಲಿನ ತುದಿಗಳೂ ಒಂದೇ ರೇಖೆಗೆ ಬಂದು ನಿಲ್ಲುತ್ತವೆ. ಎರಡನೆಯದು ಉದ್ದ ಸಮವಾಗಿರುವುದು. ಇಲ್ಲಿ ತಲೆಯ ಯಾವ ಭಾಗದಲ್ಲಿ ಅಳೆದರೂ ಕೂದಲಿನ ಉದ್ದ ಒಂದೇ ಆಗಿರುತ್ತದೆ. ಇವೆರಡೂ ಏಕಕಾಲಕ್ಕೆ ಸಾಧ್ಯವಿಲ್ಲ. ಭುಜದ ಮಟ್ಟದಲ್ಲಿ ಅಂಚು ಸಮವಾಗಬೇಕಾದರೆ ನೆತ್ತಿಯಿಂದ ಇಳಿಯುವ ಕೂದಲು ಹಿಂಗತ್ತಿನ ಕೂದಲಿಗಿಂತ ಹೆಚ್ಚುಕಡಿಮೆ ಒಂದು ಗೇಣು ಉದ್ದವಿರಲೇಬೇಕು. ತಲೆಯು ಗೋಳಾಕಾರವಾಗಿರುವುದೇ ಇದಕ್ಕೆ ಕಾರಣ. ಗ್ರಾಹಕರಿಗೆ ಯಾವುದು ಬೇಕೆಂದು ಮೊದಲೇ ಕೇಳಿ ತಿಳಿಯುವುದು ಕಸುಬುದಾರನ ಮೊದಲ ಲಕ್ಷಣ.

2. ಅಂಚು ಸಮವಾಗಿಸುವ ಕ್ರಮ

ಕರಾವಳಿಯಲ್ಲಿ ತೆಂಗಿನೆಣ್ಣೆಯ ಬಳಕೆ ಹೆಚ್ಚು. ಎಣ್ಣೆಗೆ ಅಂಟಿಕೊಂಡ ಕೂದಲನ್ನು ಸಮನಾಗಿ ಹರವಲು ಬಾರದು. ಆದುದರಿಂದ ಮೊದಲು ತಲೆ ತೊಳೆದು, ನೀರನ್ನು ಒರೆಸಿ, ಸಿಕ್ಕು ಬಿಡಿಸಬೇಕು. ಅನಂತರ ಹಣೆಯ ನಡುವಿನಿಂದ ಹಿಂಗತ್ತಿನವರೆಗೆ ಒಂದು ಬೈತಲೆ, ಒಂದು ಕಿವಿಯಿಂದ ಮತ್ತೊಂದು ಕಿವಿಗೆ ಇನ್ನೊಂದು ಬೈತಲೆ ತೆಗೆದು ಕೂದಲನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿ ಕ್ಲಿಪ್ ಹಾಕಬೇಕು.

ಹಿಂಗತ್ತಿನ ಬುಡದಲ್ಲಿ ಸುಮಾರು ಒಂದು ಸೆಂಟಿಮೀಟರ್ ಅಗಲದ ಪದರವನ್ನು ಮಾತ್ರ ಇಳಿಬಿಟ್ಟು, ಅದನ್ನು ಬೇಕಾದ ಮಟ್ಟದಲ್ಲಿ ನೇರವಾಗಿ ಕತ್ತರಿಸಬೇಕು. ಇದೇ ಮಾರ್ಗದರ್ಶಿ ರೇಖೆ. ಮುಂದಿನ ಪ್ರತಿ ಪದರವನ್ನೂ ಇದರ ಮೇಲೆ ಇಳಿಸಿ, ಒಳಗಿನ ರೇಖೆಯು ಕಾಣುವಷ್ಟು ತೆಳುವಾಗಿಟ್ಟು, ಅದೇ ಮಟ್ಟಕ್ಕೆ ಕತ್ತರಿಸುತ್ತಾ ಮೇಲಕ್ಕೆ ಸಾಗಬೇಕು. ಕೂದಲನ್ನು ಮೇಲಕ್ಕೆ ಎತ್ತಿ ಹಿಡಿದರೆ ತುದಿಗಳು ಮೆಟ್ಟಿಲಾಗುತ್ತವೆ. ಆದುದರಿಂದ ಅದು ಸಹಜವಾಗಿ ಬೀಳುವ ದಿಕ್ಕಿನಲ್ಲಿಯೇ, ಚರ್ಮಕ್ಕೆ ಒತ್ತಿದಂತೆ ಇರಬೇಕು. ಗ್ರಾಹಕರ ತಲೆ ನೆಟ್ಟಗಿರಬೇಕು, ಕಾಲುಗಳು ಒಂದರ ಮೇಲೊಂದು ಇರಬಾರದು. ಕಾಲು ಹಾಕಿ ಕುಳಿತರೆ ಒಂದು ಭುಜ ಏರಿ ರೇಖೆಯು ಓರೆಯಾಗುತ್ತದೆ.

3. ತಲೆಯೆಲ್ಲ ಒಂದೇ ಉದ್ದ

ಇಲ್ಲಿ ಪ್ರತಿ ಪದರವನ್ನೂ ನೆತ್ತಿಯ ಚರ್ಮಕ್ಕೆ ಲಂಬವಾಗಿ, ಅಂದರೆ 90 ಡಿಗ್ರಿ ಕೋನದಲ್ಲಿ ಎತ್ತಿ, ಎರಡು ಬೆರಳುಗಳ ನಡುವೆ ಹಿಡಿದು ಕತ್ತರಿಸಲಾಗುತ್ತದೆ. ಹಿಂದಿನ ಪದರದ ಸ್ವಲ್ಪ ಭಾಗವನ್ನು ಸೇರಿಸಿಕೊಂಡರೆ ಅಳತೆ ತಪ್ಪುವುದಿಲ್ಲ. ಗಿಡ್ಡ ಕೂದಲಿಗೆ ಯಂತ್ರವನ್ನು ಬಳಸುವಾಗ ಗಾರ್ಡ್ ಈ ಅಳತೆಯನ್ನು ಕಾಯುತ್ತದೆ. ಸಾಮಾನ್ಯವಾಗಿ 1ನೇ ಸಂಖ್ಯೆಯ ಗಾರ್ಡ್ 3 ಮಿ.ಮೀ., 2ನೆಯದು 6 ಮಿ.ಮೀ., 4ನೆಯದು 13 ಮಿ.ಮೀ. ಉಳಿಸುತ್ತದೆ. ಕೂದಲು ಒಣಗಿರಬೇಕು, ಯಂತ್ರವು ಕೂದಲು ಬೆಳೆಯುವ ದಿಕ್ಕಿಗೆ ಎದುರಾಗಿ ಸಾಗಬೇಕು. ಸುಳಿ ಇರುವಲ್ಲಿ ಕೂದಲು ಎಲ್ಲ ದಿಕ್ಕಿಗೂ ತಿರುಗಿರುವುದರಿಂದ ಯಂತ್ರವನ್ನೂ ಸುತ್ತಲಿನಿಂದ ಆಡಿಸಬೇಕಾಗುತ್ತದೆ.

4. ಅಳತೆ ತಪ್ಪುವುದು ಎಲ್ಲಿ?

ಒದ್ದೆ ಕೂದಲು ಎಳೆದರೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಬಿಗಿಯಾಗಿ ಎಳೆದು ಕತ್ತರಿಸಿದ ಭಾಗವು ಒಣಗಿದ ಮೇಲೆ ಗಿಡ್ಡವಾಗಿ ಕಾಣುತ್ತದೆ. ಗುಂಗುರು ಕೂದಲಿನಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. ಅಲ್ಲಿ ಸ್ವಲ್ಪ ಉದ್ದವನ್ನು ಉಳಿಸಿ, ಒಣಗಿದ ಬಳಿಕ ಅಂತಿಮ ಅಂಚು ನೀಡಬೇಕು. ಮಂಗಳೂರಿನ ಮಳೆಗಾಲದ ತೇವಭರಿತ ಗಾಳಿಯಲ್ಲಿ ಕೂದಲು ಪೂರ್ತಿ ಒಣಗಲು ಹೊತ್ತು ಹಿಡಿಯುವುದರಿಂದ ಅವಸರ ಸಲ್ಲದು. ಕಿವಿಯ ಮೇಲಿನ ಕೂದಲನ್ನು ಎಳೆದು ಕತ್ತರಿಸಿದರೆ, ಬಿಟ್ಟೊಡನೆ ಕಿವಿಯು ಅದನ್ನು ಹೊರಕ್ಕೆ ತಳ್ಳಿ ಅಲ್ಲಿ ಕಚ್ಚು ಬಿದ್ದಂತಾಗುತ್ತದೆ. ಅಲ್ಲಿ ಬಾಚಣಿಗೆಯಿಂದಷ್ಟೇ ಸಡಿಲವಾಗಿ ಹಿಡಿಯಬೇಕು. ಕೊನೆಗೆ ಎರಡೂ ಬದಿಯ ಕೂದಲನ್ನು ಮುಂದಕ್ಕೆ ತಂದು ಗಲ್ಲದ ಬಳಿ ಹೋಲಿಸಿ ನೋಡಬೇಕು.

5. ಉಪಕರಣ ಮತ್ತು ಶುಚಿತ್ವ

ಮೊಂಡಾದ ಕತ್ತರಿಯು ಕೂದಲನ್ನು ಕತ್ತರಿಸದೆ ಮಡಿಸಿ ಜಾರಿಸುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಉಕ್ಕು ಬೇಗ ತುಕ್ಕು ಹಿಡಿಯುವುದರಿಂದ ದಿನದ ಕೆಲಸ ಮುಗಿದ ಮೇಲೆ ಒರೆಸಿ ಎಣ್ಣೆ ಹಚ್ಚಬೇಕು. ರೇಜರ್‌ಗೆ ಪ್ರತಿ ಗ್ರಾಹಕರಿಗೂ ಹೊಸ ಬ್ಲೇಡ್ ಕಡ್ಡಾಯ. ಬಳಸಿದ ಬ್ಲೇಡಿನ ಗಾಯದಿಂದ ಹೆಪಟೈಟಿಸ್ ಬಿ ಮುಂತಾದ ಸೋಂಕುಗಳು ಹರಡಬಲ್ಲವು. ಬಾಚಣಿಗೆ, ಗಾರ್ಡ್‌ಗಳನ್ನು ಸಾಬೂನಿನಿಂದ ತೊಳೆದು ಸ್ಪಿರಿಟ್‌ನಿಂದ ಒರೆಸದಿದ್ದರೆ ಹುಳುಕಡ್ಡಿ, ಹೇನು ಹರಡುತ್ತವೆ.

6. ಎಲ್ಲರಿಗೂ ಒಂದೇ ಸೇವೆ

ಅಸ್ಪೃಶ್ಯತೆಯ ಕಾರಣದಿಂದ ಒಬ್ಬರಿಗೆ ಕ್ಷೌರ ನಿರಾಕರಿಸುವುದು, ಅಥವಾ ಬೇರೆ ಹೊತ್ತು, ಬೇರೆ ಕುರ್ಚಿ ಸೂಚಿಸುವುದು ಅಪರಾಧ. ಸಂವಿಧಾನದ 17ನೇ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮದ 6ನೇ ಪ್ರಕರಣದಡಿ ಇಂತಹ ನಿರಾಕರಣೆಗೆ 1ರಿಂದ 6 ತಿಂಗಳ ಕಾರಾವಾಸ ಹಾಗೂ ದಂಡ ವಿಧಿಸಬಹುದಾಗಿದೆ. ಊರಿನ ಒತ್ತಡಕ್ಕೆ ಮಣಿದು ನಿರಾಕರಿಸುವ ಅಂಗಡಿಯವರೂ ಇರುತ್ತಾರೆ. ಆದುದರಿಂದ ಅಂಗಡಿಯವರೊಬ್ಬರನ್ನೇ ದೂರದೆ, ಒತ್ತಡ ಹೇರುವವರಿಗೂ ಕಾನೂನನ್ನು ತಿಳಿಸಿ, ಸೇವೆ ನೀಡುವವರ ಬೆಂಬಲಕ್ಕೆ ನಿಲ್ಲುವುದು ಸದಸ್ಯರ ಕರ್ತವ್ಯ.

7. ಪರಿಶೀಲನೆಯ ವೇಳೆ ಗಮನಿಸಬೇಕಾದ ಅಂಶಗಳು

ಅ) ಪರಿಶೀಲನೆಯೆಂದರೆ ಪರೀಕ್ಷೆಯಲ್ಲ. ಕೌಶಲದ ಮೌಲ್ಯಮಾಪನವು ತರಬೇತಿಯ ಹಂತದಲ್ಲಿ ನಡೆಯುತ್ತದೆ. ಅರ್ಜಿದಾರರು ನಿಜವಾಗಿ ಕಸುಬಿನಲ್ಲಿದ್ದಾರೆಯೇ ಎಂಬುದನ್ನಷ್ಟೇ ಸ್ಥಳದಲ್ಲಿ ಕಂಡುಕೊಳ್ಳಬೇಕು.
ಆ) ಅಂಗಡಿಗೆ ಫಲಕವಿಲ್ಲ, ಯಂತ್ರವಿಲ್ಲ ಎಂಬುದು ತಿರಸ್ಕಾರಕ್ಕೆ ಕಾರಣವಾಗಬಾರದು. ಮನೆಮನೆಗೆ ತೆರಳಿ ಕ್ಷೌರ ಮಾಡುವವರೂ ಕಸುಬುದಾರರೇ. ಹಂಪನಕಟ್ಟೆಯ ಹವಾನಿಯಂತ್ರಿತ ಸೆಲೂನಿನಲ್ಲಿಯೂ ಹಳ್ಳಿಯ ಜಗಲಿಯಲ್ಲಿಯೂ ಮಾರ್ಗದರ್ಶಿ ರೇಖೆಯ ತತ್ತ್ವ ಒಂದೇ.
ಇ) ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು, ಕುಟುಂಬದ ಒಬ್ಬರಿಗೆ ಮಾತ್ರ ಅವಕಾಶ, ಸರ್ಕಾರಿ ನೌಕರರು ಮತ್ತು ಅವರ ಕುಟುಂಬದವರು ಅರ್ಹರಲ್ಲ.
ಈ) ತಿರಸ್ಕರಿಸುವುದಾದರೆ ಕಾರಣವನ್ನು ಅರ್ಜಿದಾರರಿಗೆ ಸ್ಪಷ್ಟವಾಗಿ ತಿಳಿಸಬೇಕು.

ಚರ್ಚೆಗೆ ಪ್ರಶ್ನೆಗಳು

1. ಅಂಚು ಸಮ ಮತ್ತು ಉದ್ದ ಸಮ ಇವುಗಳ ನಡುವಿನ ವ್ಯತ್ಯಾಸವೇನು?
2. ತಮ್ಮ ವಾರ್ಡಿನಲ್ಲಿ ಅಂಗಡಿಯಿಲ್ಲದೆ ಕ್ಷೌರ ವೃತ್ತಿ ನಡೆಸುವವರು ಎಷ್ಟು ಮಂದಿ? ಅವರಿಗೆ ಯೋಜನೆಯ ಮಾಹಿತಿ ತಲುಪಿದೆಯೇ?
3. ತಮ್ಮ ಗ್ರಾಮದ ಎಲ್ಲ ಕ್ಷೌರದಂಗಡಿಗಳಲ್ಲಿ ಎಲ್ಲರಿಗೂ ಒಂದೇ ಕುರ್ಚಿಯಲ್ಲಿ ಸೇವೆ ದೊರೆಯುತ್ತಿದೆಯೇ?