ಮಲೆನಾಡಿನ ಮನೆಯೊಂದರ ಕ್ರೈಸ್ತ ಶಿಕ್ಷಣ

ದೀಕ್ಷಾಸ್ನಾನದ ದಿನ ಗುರುಗಳು ಶಿಶುವಿನ ನೆತ್ತಿಗೆ ನೀರೆರೆಯುವ ಮುನ್ನ, ಈ ಮಗುವನ್ನು ವಿಶ್ವಾಸದಲ್ಲಿ ಬೆಳೆಸುವ ಹೊಣೆಯನ್ನು ಅರಿತಿರುವಿರಾ ಎಂದು ತಂದೆತಾಯಿಗಳನ್ನು ಕೇಳುತ್ತಾರೆ. ನನ್ನ ಮಗಳನ್ನು ತೋಳಿನಲ್ಲೆತ್ತಿಕೊಂಡು ಹೌದೆಂದು ನುಡಿದಾಗ, ಆ ಹೊಣೆಯ ಬಹುಭಾಗವನ್ನು ಭಾನುವಾರದ ಧರ್ಮೋಪದೇಶದ ತರಗತಿ ಹೊರುವುದೆಂದೇ ನಾನು ಎಣಿಸಿದ್ದೆ. ಸಾಗರ, ತೀರ್ಥಹಳ್ಳಿಗಳ ಪೇಟೆಯಲ್ಲಿರುವವರಿಗೆ ಇಗರ್ಜಿ ಹತ್ತಿರ. ನಮ್ಮದಾದರೋ ಹೊಸನಗರ ಸೀಮೆಯ ಅಡಕೆ ತೋಟದಂಚಿನ ಒಂಟಿ ಮನೆ. ಶ್ರಾವಣದ ಮಳೆಗೆ ಹಳ್ಳ ಉಕ್ಕಿ ಸಂಕ ಮುಳುಗಿದರೆ ಬಲಿಪೂಜೆಗೂ ಇಲ್ಲ, ಉಪದೇಶಕ್ಕೂ ಇಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು ಧರ್ಮಸಭೆಯನ್ನು ಕುರಿತು 1964ರಲ್ಲಿ ಹೊರಡಿಸಿದ ಶಾಸನದಲ್ಲಿ ಕುಟುಂಬವನ್ನು ಗೃಹಸಭೆಯೆಂದು ಕರೆದು, ಮಕ್ಕಳಿಗೆ ವಿಶ್ವಾಸದ ಪ್ರಥಮ ಬೋಧಕರು ತಂದೆತಾಯಿಗಳೇ ಎಂದು ಸಾರಿದುದರ ಅರ್ಥವು ನನಗೆ ತಿಳಿದುಬಂದುದು ಅಂತಹ ಮಳೆಗಾಲಗಳಲ್ಲಿಯೇ.

ನಮ್ಮ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ರೈಸ್ತರು. ಅವರು ತಮ್ಮೊಡನೆ ತಂದ ಸಂಪತ್ತಿನಲ್ಲಿ ಮುಖ್ಯವಾದುದು ಸಂಜೆಯ ತೇರ್ಸ್, ಎಂದರೆ ಜಪಸರದ ಪ್ರಾರ್ಥನೆ. ಕರೆಂಟು ಇರಲಿ ಬಿಡಲಿ, ಆಲ್ತಾರಿನ ಮುಂದೆ ಮೇಣದ ಬತ್ತಿ ಹಚ್ಚಿ, ಮನೆಯವರೆಲ್ಲರೂ ಮೊಣಕಾಲೂರಿ ಜಪಸರವನ್ನು ಮುಗಿಸಿದ ತರುವಾಯ, ಕಿರಿಯರು ಒಬ್ಬೊಬ್ಬರಾಗಿ ಹಿರಿಯರ ಬಳಿಗೆ ಹೋಗಿ ಕೈಮುಗಿದು ಬೆಸಾಂವ್, ಎಂದರೆ ಆಶೀರ್ವಾದ, ಬೇಡುವರು. ಮಗು ಜಪಸರದ ನಾಲ್ಕನೆಯ ರಹಸ್ಯಕ್ಕೆ ಮುನ್ನವೇ ನಿದ್ದೆಹೋಗುತ್ತಿದ್ದಿತು. ಎಬ್ಬಿಸಬೇಡಿರೆಂದು ನನ್ನ ಮಾವನವರು ಹೇಳುತ್ತಿದ್ದರು, ಆದರೆ ಬೆಸಾಂವಿನ ಹೊತ್ತಿಗೆ ಮಾತ್ರ ತಪ್ಪದೆ ಎಬ್ಬಿಸಿ ತಲೆಯ ಮೇಲೆ ಕೈಯಿಡುತ್ತಿದ್ದರು. ದೇವರ ದಯೆಯನ್ನು ಮಗುವು ಪ್ರಥಮತಃ ಅರಿಯುವುದು ತನ್ನನ್ನು ಪ್ರೀತಿಸುವವರ ಕೈಯ ಭಾರದಿಂದಲೇ ಎಂಬುದು ಅವರ ನಂಬಿಕೆಯಾಗಿದ್ದಿತು. ಈಗ ನನ್ನದೂ ಹೌದು.

ಆದರೆ ತಲೆಯ ಮೇಲಿಡುವ ಆ ಕೈ ಹಗಲಿನಲ್ಲಿ ಏನು ಮಾಡುತ್ತಿದೆಯೆಂಬುದನ್ನು ಮಕ್ಕಳು ನೋಡಿಯೇ ನೋಡುತ್ತಾರೆ. ತೋಟದ ಬೇಲಿಯ ವಿಷಯವಾಗಿ ನಮಗೂ ಪಕ್ಕದ ಮನೆಯವರಿಗೂ ಮಾತು ನಿಂತುಹೋಗಿದ್ದ ಕಾಲ. ಸೆಪ್ಟೆಂಬರ್ 8ರಂದು ಮರಿಯಮ್ಮನವರ ಜನ್ಮದಿನ, ನಮ್ಮ ಮೊಂತಿ ಫೆಸ್ತ್, ತೆನೆಯ ಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನಗಳ ನೊವೆನಕ್ಕೆ ಮಕ್ಕಳು ಹೂವನ್ನು ಕೊಯ್ದು ಒಯ್ಯಬೇಕು. ಆ ದಿನಗಳಲ್ಲಿಯೇ ಗೌರಿ ಹಬ್ಬವೂ ಬರುವುದುಂಟಾದುದರಿಂದ, ಬೇಲಿಯ ಈಚೆಗೆ ನನ್ನ ಮಗಳೂ ಆಚೆಗೆ ಆ ಮನೆಯ ಹುಡುಗಿಯೂ ಬುಟ್ಟಿ ಹಿಡಿದು ಡೇರೆ ಹೂವನ್ನೂ ಕರ್ಣಕುಂಡಲವನ್ನೂ ಕೊಯ್ಯುತ್ತ, ಹಿರಿಯರಿಗಿಲ್ಲದ ಮಾತನ್ನು ತಮ್ಮಲ್ಲಿ ಆಡಿಕೊಳ್ಳುತ್ತಿದ್ದರು. ಹಬ್ಬದ ದಿನ, ಮಂತ್ರಿಸಿದ ತೆನೆಯನ್ನು ಇಗರ್ಜಿಯಿಂದ ತಂದು, ಹೊಸ ಅಕ್ಕಿಯ ಕಾಳುಗಳನ್ನು ಪಾಯಸಕ್ಕೆ ಬೆರೆಸಿ, ಬಾಳೆಯೆಲೆಯಲ್ಲಿ ಸಸ್ಯಾಹಾರದ ಊಟಕ್ಕೆ ಎಲ್ಲರೂ ಕುಳಿತಿರುವಾಗ, ಮಾವನವರು ಎದ್ದು ಒಂದು ಪಾತ್ರೆಯಲ್ಲಿ ಪಾಯಸವನ್ನು ತುಂಬಿಸಿ, "ಬಾ ಮಗಾ, ಹಿಡಿದುಕೋ, ಹೋಗಿ ಬರುವಾ" ಎಂದು ಮೊಮ್ಮಗಳ ಕೈಗೆ ಕೊಟ್ಟು, ಬೇಲಿಯನ್ನು ದಾಟಿ ಹೋದರು. ಅಲ್ಲಿ ಏನು ಮಾತಾಯಿತೋ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಬೇಲಿಯ ವ್ಯಾಜ್ಯವು ಪೂರ್ಣವಾಗಿ ಬಗೆಹರಿಯಲು ಇನ್ನೂ ಬಹುಕಾಲ ಹಿಡಿಯಿತಾದರೂ, ಮಾತು ಮಾತ್ರ ಆ ದಿನದಿಂದ ಮತ್ತೆ ನಿಲ್ಲಲಿಲ್ಲ. ಕ್ಷಮೆಯನ್ನು ಕುರಿತು ನನ್ನ ಮಗಳು ತರಗತಿಯಲ್ಲಿ ಕಂಠಪಾಠ ಮಾಡಿದುದರಲ್ಲಿ ಎಷ್ಟು ಉಳಿದಿದೆಯೋ ಅರಿಯೆ. ಆ ಬಿಸಿ ಪಾತ್ರೆಯನ್ನು ಸೆರಗಿನ ತುಂಡಿನಲ್ಲಿ ಹಿಡಿದು ನಡೆದುದನ್ನು ಆಕೆ ಇಂದಿಗೂ ಹೇಳುತ್ತಾಳೆ.

ಅನ್ಯಧರ್ಮೀಯರ ನಡುವೆ ಮಗುವಿನ ವಿಶ್ವಾಸವು ಸಡಿಲವಾದೀತೆಂದು ಹೆದರುವ ತಾಯಂದಿರು ನಮ್ಮಲ್ಲಿದ್ದಾರೆ. ನನಗೆ ಆ ಹೆದರಿಕೆಯಿಲ್ಲ. ಮೂರು ವರ್ಷಗಳಿಗೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಗೆ ಗೆಳತಿಯರೊಡನೆ ಹೋಗುವೆನೆಂದಾಗ ಹೋಗಿ ಬಾ ಎಂದೆ. ಅವರ ಭಕ್ತಿಯನ್ನು ಗೌರವದಿಂದ ನೋಡು, ನಿನ್ನ ಪ್ರಾರ್ಥನೆಯನ್ನು ಮನೆಗೆ ಬಂದು ಮಾಡು ಎಂದಷ್ಟೇ ಹೇಳಿದೆ.

ಕಠಿನವಾದ ಪ್ರಶ್ನೆ ಬಂದುದು ಬೇರೆಡೆಯಿಂದ. ನಿಮ್ಮ ದೇವರು ಹಡಗಿನಲ್ಲಿ ಬಂದವನೆಂದು ಯಾರೋ ಸಹಪಾಠಿಯೆಂದುದನ್ನು ಕೇಳಿಬಂದ ಮಗಳನ್ನು ನಾನು ನಗರದ ಕೋಟೆಗೆ ಕರೆದೊಯ್ದೆ. 1763ರಲ್ಲಿ ಹೈದರಾಲಿಯ ವಶವಾಗುವವರೆಗೆ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರೇ ಈ ನಗರ. ಗೋವೆಯಿಂದ ಬಂದ ನಮ್ಮ ಪೂರ್ವಿಕರು ಕರಾವಳಿಯಲ್ಲಿ ನೆಲೆನಿಂತು ಗದ್ದೆ ಮಾಡಿದುದು ಈ ಶಿವಭಕ್ತ ಅರಸರ ಆಳ್ವಿಕೆಯಲ್ಲಿ ಎಂಬುದನ್ನೂ, ಮುಂದೆ 1784ರಲ್ಲಿ ಟಿಪ್ಪುವಿನ ಆಜ್ಞೆಯಿಂದ ಅವರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದುದನ್ನೂ, 1799ರ ತರುವಾಯ ಬದುಕಿ ಉಳಿದವರು ಹಿಂದಿರುಗಿದುದನ್ನೂ ಅಲ್ಲಿಯೇ ಕುಳಿತು ಹೇಳಿದೆ. ಸೆರೆಯ ಕಥೆಯನ್ನು ಮರೆಮಾಚುವುದು ಸರಿಯೆಂದು ನನಗೆ ತೋರಲಿಲ್ಲ; ಅದನ್ನು ಇಂದಿನ ಯಾರ ಮೇಲಾದರೂ ಎತ್ತುವ ಕತ್ತಿಯನ್ನಾಗಿ ಮಗುವಿನ ಕೈಗೆ ಕೊಡುವುದು ಅದಕ್ಕಿಂತಲೂ ದೊಡ್ಡ ಪಾಪವೆಂದು ತೋರಿತು. ಅನ್ನವಿತ್ತ ನೆಲದ ಋಣ, ಸಹಿಸಿದ ಹಿರಿಯರ ಸ್ಥೈರ್ಯ, ಇವೆರಡೂ ಅವಳವೇ.

ಈಗ ಅವಳು ತೀರ್ಥಹಳ್ಳಿಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಆ ಸೀಮೆಯವರೇ ಆದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಓದಿ, ಅದರಲ್ಲಿ ಬರುವ ಪಾದ್ರಿಯ ಮತಪ್ರಚಾರದ ಪ್ರಸಂಗಗಳಿಂದ ನೊಂದು, "ಅಮ್ಮಾ, ನಮ್ಮವರನ್ನು ಊರಿನವರು ಹೀಗೆಯೇ ಕಂಡರೆ?" ಎಂದು ಕೇಳಿದಳು. ಕವಿಯ ಕಣ್ಣಿಗೆ ಬಿದ್ದುದನ್ನು ಇಲ್ಲವೆನ್ನುವುದು ಸಲ್ಲದು. ಆಸೆ ತೋರಿಸಿ ಒಲಿಸಿಕೊಂಡ ವಿಶ್ವಾಸವನ್ನು ಕ್ರಿಸ್ತನೂ ಬಯಸಿದವನಲ್ಲ, ನಿನ್ನ ಅಜ್ಜ ಪಾಯಸ ಕೊಟ್ಟು ಬಂದಾಗ ಆ ಮನೆಯವರಿಂದ ಏನನ್ನೂ ಕೇಳಲಿಲ್ಲವಲ್ಲ ಎಂದೆ. ಈ ಉತ್ತರ ಅವಳಿಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಕ್ರಿಸ್ತನ ಮಾತನ್ನು ಸಾರದೆ ಸುಮ್ಮನಿರುವುದೂ ಸರಿಯೇ ಎಂದು ರಜೆಗೆ ಬಂದಾಗಲೆಲ್ಲ ತೇರ್ಸ್ ಮುಗಿದೊಡನೆ ಚರ್ಚೆಗೆ ಕೂರುತ್ತಾಳೆ, ನಾನೂ ಕೂರುತ್ತೇನೆ.